ಫ್ಲವರ್‌ಹಾರ್ನ್‌ಗೆ ಜೊತೆಗಾರರು ಬೇಕಾಗಿದ್ದಾರೆ

"ಈ ಮೀನಿನ ಜೋಡಿ ಮತ್ಯಾವ ಮೀನ ಬಿಡಬಹುದು? ಲಗೂ ಹೇಳಲೇ!"

ಹಾಗೆ ಕೇಳಿದವನ ಚಾಕು ನನ್ನ ಕುತ್ತಿಗೆಗೆ ಒತ್ತಿಕೊಂಡಿತ್ತು.

ಅವನ ಹೆಸರು ವೀರೇಂದ್ರ. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರ ಸಿದ್ದಲಿಂಗಪ್ಪನ ಅಕ್ಕನ ಮಗ. ಸಾಹುಕಾರ ಎದುರಿನ ಸೋಫಾದಲ್ಲಿ ಕೂತು ಗೋಡೆಯನ್ನೇ ನೋಡುತ್ತಿದ್ದ. ನನ್ನ ಕುತ್ತಿಗೆಯ ಬಗ್ಗೆ ಅವನಿಗೆ ಆಸಕ್ತಿ ಇರಲಿಲ್ಲ.

ಆ ಗೋಡೆಯಲ್ಲಿ ಆರಡಿ ಉದ್ದದ ಅಕ್ವೇರಿಯಂ ಕೂರಿಸಿದ್ದರು. ಒಳಗೆ ಒಂದೇ ಒಂದು ಮೀನು. ಅಂಗೈಗಿಂತ ದೊಡ್ಡದು. ಕೆಂಪು ಬಣ್ಣ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಉಬ್ಬು. ಫ್ಲವರ್‌ಹಾರ್ನ್ ಅಂತಾರೆ. ನಾಲ್ಕು ದಿನದ ಹಿಂದೆ ಆ ಹೆಸರನ್ನೇ ನಾನು ಕೇಳಿರಲಿಲ್ಲ!

"ಸಿಲ್ವರ್ ಡಾಲರ್‌ರಿ..." ಅಂದೆ. "ದೊಡ್ಡವು, ಎರಡು. ಮತ್ತೊಂದು ಸಕರ್."

"ಗೋಲ್ಡ್ ಫಿಶ್ ಯಾಕ ಬ್ಯಾಡ?"

ಉಗುಳು ನುಂಗಿದರೆ ಚಾಕು ತಾಗುತ್ತಿತ್ತು.

"ಗೋಲ್ಡ್ ಫಿಶ್ ನಿಧಾನ ಈಜತಾವ್ರಿ. ತಣ್ಣೀರಿನ ಮೀನ ಅದು. ಇದು ಬೆಚ್ಚನ ನೀರಿಂದು. ಒಂದ ದಿನದಾಗ ಅವುಗಳ ರೆಕ್ಕಿ ಹರದ ಹಾಕ್ತೈತಿ. ಸಿಲ್ವರ್ ಡಾಲರ್ ಹಂಗಲ್ಲ, ಓಡತಾವು, ಸಿಗೂದಿಲ್ಲ. ಸಕರ್ ಮೈ ಗಟ್ಟಿ. ಕಚ್ಚಾಕ ಹೋದ್ರ ಇದಕ್ಕ ಬಾಯಿ ನೋಯ್ತೈತಿ."

ವೀರೇಂದ್ರ ಸಾಹುಕಾರನ ಕಡೆ ನೋಡಿದ. ಸಾಹುಕಾರ ತಲೆಯಾಡಿಸಿದ. ಚಾಕು ಕೆಳಗಿಳಿಯಿತು.

ನಾನು ಉಸಿರು ಬಿಟ್ಟೆ. ಬಿಟ್ಟ ಉಸಿರು ಅಲ್ಲೇ ನಿಂತಿತು!

ಅಕ್ವೇರಿಯಂನ ಹಿಂದಿನ ಗಾಜಿಗೆ ನೀಲಿ ಕಾಗದ ಅಂಟಿಸಿದ್ದರು. ಕೆಳಗಿನ ಮೂಲೆಯಲ್ಲಿ ಅದು ರೂಪಾಯಿ ನಾಣ್ಯದಷ್ಟು ಹರಿದಿತ್ತು. ಆ ತೂತಿನಲ್ಲಿ, ನೀರಿನ ಆಚೆ, ಒಂದು ಕಣ್ಣು.

ಮನುಷ್ಯನ ಕಣ್ಣು.

ಅದು ರೆಪ್ಪೆ ಮಿಟುಕಿಸಿತು...

ತಡೀರಿ, ಮೊದಲಿನಿಂದ ಹೇಳುತ್ತೇನೆ. ಇಷ್ಟು ದೊಡ್ಡ ತೊಟ್ಟಿಯಲ್ಲಿ ಒಂದೇ ಮೀನು ಯಾಕೆ ಅಂತ ಕೇಳಿದವರು ನೀವೇ ತಾನೆ? ಕೂತ್ಕೊಳ್ಳಿ. ಈಗ ತಾನೇ ನಿಮ್ಮ ಮುಂದೆಯೇ ಫೋನ್ ಮಾಡಿ ಎರಡು ಚಹಾ ಹೇಳಿದ್ದೇನೆ. ಬರುವಷ್ಟರಲ್ಲಿ ಕತೆ ಮುಗಿಯುತ್ತದೆ.

ನನ್ನ ಹೆಸರು ಬೀರಲಿಂಗಪ್ಪ. ಹೊರಗೆ ಬೋರ್ಡ್ ನೋಡಿರುತ್ತೀರಿ. ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದೆ. ಮೇಲಿನವರಿಗೂ ನನಗೂ ಆಗಿಬರಲಿಲ್ಲ, ಬಿಟ್ಟೆ. ಈಗ ಹಾವೇರಿ ಬಸ್‌ಸ್ಟ್ಯಾಂಡಿನ ಹತ್ತಿರ, ಝೆರಾಕ್ಸ್ ಅಂಗಡಿಯ ಮೇಲಿನ ಈ ರೂಮು. ಕಳೆದುಹೋದ ಬೈಕು, ಕಳೆದುಹೋದ ಪಹಣಿ, ಕಳೆದುಹೋದ ಗಂಡ... ಏನಿದ್ದರೂ ಹುಡುಕಿ ಕೊಡುತ್ತೇನೆ. ಗಟ್ಟಿಗ ಅಂತ ಊರಲ್ಲಿ ಹೆಸರಿದೆ. ಆ ಹೆಸರು ಹೇಗೆ ಬಂತೋ ನನಗೆ ಗೊತ್ತಿಲ್ಲ. ನನ್ನಷ್ಟು ಪುಕ್ಕಲ ಇನ್ನೊಬ್ಬನಿಲ್ಲ!

ಕಳೆದ ಫೆಬ್ರವರಿಯಲ್ಲಿ ಒಬ್ಬ ಮುದುಕ ಈ ಮೆಟ್ಟಿಲು ಹತ್ತಿ ಬಂದ. ಯೂಸುಫಸಾಬ. ರಾಣೆಬೆನ್ನೂರಿನಲ್ಲಿ ಬಣ್ಣದ ಮೀನಿನ ಅಂಗಡಿ. ಮಗ ಮಹಮ್ಮದ್ ಹನೀಫ್ ಮನೆಮನೆಗೆ ಹೋಗಿ ಅಕ್ವೇರಿಯಂ ತೊಳೆದು, ನೀರು ಬದಲಿಸಿ ಬರುತ್ತಿದ್ದ. ಸೋಮವಾರ ಹೋದವನು ನಾಲ್ಕು ದಿನವಾದರೂ ಬಂದಿರಲಿಲ್ಲ.

"ಪೊಲೀಸರ ಹತ್ರ ಹೋಗಿದ್ರೇನು ಚಾಚಾ?"

ಮುದುಕ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಫೋನ್ ಬಂದಿತ್ತು ಬೀರಣ್ಣ. ಯಾರಂತ ಹೇಳಲಿಲ್ಲ. ನಿನ್ನ ಮಗ ಅದಾನ, ಪೊಲೀಸ್ ಠಾಣೆ ಮೆಟ್ಟಿಲ ಹತ್ತಿದಿ ಅಂದ್ರ ಹೆಣ ಕಳಸ್ತೀವಿ ಅಂದ್ರು. ನನಗ ಇರಾಂವ ಒಬ್ಬನ ಮಗ. ಅವನ್ನ ಜೀವಂತ ತಂದು ಕೊಡು. ಮತ್ತೇನೂ ಬ್ಯಾಡ."

ಆ ಸೋಮವಾರ ಹನೀಫ್ ಮೂರು ಮನೆಗೆ ಹೋಗಬೇಕಿತ್ತು. ಹಲಗೇರಿಯ ಮೇಷ್ಟ್ರ ಮನೆಗೆ ಹೋಗಿದ್ದ. ಮೋಟೆಬೆನ್ನೂರಿನ ಡಾಕ್ಟರ್ ಮನೆಗೆ ಹೋಗಿದ್ದ. ಮೂರನೆಯದು ಬ್ಯಾಡಗಿಯ ಸಿದ್ದಲಿಂಗಪ್ಪನ ಮನೆ. ಯೂಸುಫಸಾಬ ಫೋನ್ ಮಾಡಿ ಕೇಳಿದಾಗ ಸಾಹುಕಾರ, "ನಮ್ಮಲ್ಲಿ ಬಂದೇ ಇಲ್ಲೋ ಮಾರಾಯಾ" ಅಂದಿದ್ದ.

ಸುಳ್ಳೋ ನಿಜವೋ? ಗೊತ್ತಾಗುವ ದಾರಿ ಇರಲಿಲ್ಲ.

ಮರುದಿನ ಸಾಹುಕಾರನೇ ಅಂಗಡಿಗೆ ಫೋನ್ ಮಾಡಿದ. ನಾನು ಅಲ್ಲೇ ಇದ್ದೆ. ಯೂಸುಫಸಾಬ ಮಾತು ಮುಗಿಸಿ ಫೋನಿಟ್ಟ. ಮುಖ ಬಿಳುಪಾಗಿತ್ತು.

"ಏನಂತ ಚಾಚಾ?"

"ಅವರ ರಾಜಾ, ಅದ ಆ ಫ್ಲವರ್‌ಹಾರ್ನ್ ಮೀನ, ಊಟ ಬಿಟ್ಟಾನಂತ. ಒಬ್ಬಾಂವ ಇದ್ದು ಬ್ಯಾಸರಾಗೇತಿ, ಜೋಡಿ ಬಿಡಾಕ ಎರಡು ಸಿಲ್ವರ್ ಡಾಲರ್, ಒಂದು ಸಕರ್ ಕಳಸು ಅಂದ. ದೊಡ್ಡವು ಬೇಕಂತ."

"ಅದಕ್ಯಾಕ ಹೆದರಿದ್ರಿ?"

"ಬೀರಣ್ಣ... ಈ ಸಾವ್ಕಾರ ಎರಡು ವರ್ಷದಿಂದ ಗೋಲ್ಡ್ ಫಿಶ್ ಕೇಳ್ತಾನ. ಬರೇ ಗೋಲ್ಡ್ ಫಿಶ್! ಅದು ಬಂಗಾರದ ಬಣ್ಣ, ಮನಿಗೆ ಲಕ್ಷ್ಮಿ ಬರತಾಳ ಅಂತ. ಬ್ಯಾಡ್ರಿ, ಫ್ಲವರ್‌ಹಾರ್ನ್ ಕೊಲ್ಲತೈತಿ ಅಂತ ಹನೀಫ್ ನೂರು ಸಲ ಹೇಳಿದ. ಕೇಳಲಿಲ್ಲ. ತರಿಸಿದ್ದೆಲ್ಲಾ ಸತ್ತವು. ಸಿಲ್ವರ್ ಡಾಲರ್ ಅನ್ನೋ ಹೆಸರ ಅವನ ಬಾಯಾಗ ಎಂದೂ ಬಂದಿಲ್ಲ."

ಮುದುಕ ನನ್ನ ಕೈ ಹಿಡಿದುಕೊಂಡ.

"ಯಾರೋ ಬಾಜೂಕ ನಿಂತು ಹೇಳಿಕೊಟ್ಟಾರ. ಅದು ನನ್ನ ಮಗ!"

ಹನೀಫ್ ಬದುಕಿದ್ದ. ಆ ಮನೆಯಲ್ಲೇ ಇದ್ದ. ಮೀನಿನ ಹೆಸರಿನಲ್ಲಿ ಅಪ್ಪನಿಗೆ ಸುದ್ದಿ ಕಳಿಸಿದ್ದ. ಮೀನು ತಲುಪಿಸಲು ಯಾರಾದರೂ ಒಳಗೆ ಹೋಗಬೇಕಿತ್ತು.

ಯಾರು ಅಂತ ಕೇಳಬೇಡಿ. ಮುದುಕ ನನ್ನ ಕೈ ಬಿಡಲೇ ಇಲ್ಲ.

ಎರಡು ದಿನ ಅಂಗಡಿಯಲ್ಲಿ ಕೂತು ಪಾಠ ಹೇಳಿಸಿಕೊಂಡೆ. ಎಸ್ಸೆಸ್ಸೆಲ್ಸಿಗೂ ನಾನು ಅಷ್ಟು ಓದಿರಲಿಲ್ಲ.

"ಇವು ಸಿಕ್ಲಿಡ್ ಜಾತಿ," ಅಂದ ಯೂಸುಫಸಾಬ. "ಜಗಾ ಹಿಡಿಯೋ ಮೀನ. ಈ ಕಲ್ಲು ನಂದು ಅಂತ ಒಂದ್ಸಲ ಹಿಡೀತು ಅಂದ್ರ ಮುಗೀತು, ಅಲ್ಲಿ ಬಂದಾಂವನ್ನ ಬಿಡೂದಿಲ್ಲ. ಅದಕ್ಕ ಹೊಸಾ ಮೀನ ಬಿಡೋ ಮೊದಲ ಲೈಟ್ ಆರಿಸಬೇಕು. ಹಳೇದನ್ನ ಬಕೆಟ್‌ನಾಗ ತಗದು ಇಡಬೇಕು. ಕಲ್ಲೆಲ್ಲಾ ಜಗಾ ಬದಲಿ ಮಾಡಬೇಕು. ಆಮ್ಯಾಲ ಎಲ್ಲಾನೂ ಕೂಡೇ ಬಿಟ್ರ, ಹಳೇದಕ್ಕೂ ಅದು ಹೊಸಾ ಊರು. ಜಗಳಾಡಾಕ ತನ್ನ ಮನಿ ಎಲ್ಲೈತಿ ಅಂತ ಗೊತ್ತಾಗೂದಿಲ್ಲ."

"ಇಷ್ಟು ಮಾಡಿದ್ರ ಸಾಯೂದಿಲ್ಲೇನು?"

"ಒಮ್ಮೊಮ್ಮೆ ಸಾಯ್ತಾವು," ಅಂದ ಮುದುಕ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಬ್ಯಾಡಗಿ ಮಾರ್ಕೆಟ್ಟಿನ ದಿನ ನೋಡಿ ಹೋದೆ. ಆ ದಿನ ಸಾಹುಕಾರನ ಆಳುಗಳೆಲ್ಲ ಯಾರ್ಡಿನಲ್ಲಿರುತ್ತಾರೆ. ಅಂಗಡಿಯ ಬಿಳಿ ಓಮ್ನಿಯನ್ನು ಅಂಗಳದಲ್ಲಿ ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದೆ. ಮೀನಿನ ಚೀಲ, ಬಲೆ, ಮುಚ್ಚಳದ ಬಕೆಟ್ ಹಿಡಿದು ಒಳಗೆ ಕಾಲಿಟ್ಟೆ. ಅಂಗಡಿಯ ಹೊಸ ಆಳು ಅಂದದ್ದನ್ನು ವೀರೇಂದ್ರ ನಂಬಲಿಲ್ಲ, ಹತ್ತು ನಿಮಿಷದಲ್ಲಿ ಕುತ್ತಿಗೆಗೆ ಚಾಕು ಬಂತು. ಅಲ್ಲಿಂದ ಮುಂದಿನದು ಆಗಲೇ ಹೇಳಿದೆ.

ಆ ಕಣ್ಣು...

ಅಕ್ವೇರಿಯಂ ಹಿಂದೆ ಪಂಪಿನ ಕೋಣೆ. ನಾವಿದ್ದ ಹಾಲ್‌ನ ಬಲಗಡೆ ಅದರ ಬಾಗಿಲು. ಬಾಗಿಲಿಗೆ ಹೊಸ ಬೀಗ. ಮೀನಿನ ಪಂಪಿಗೆ ಯಾರಾದರೂ ಬೀಗ ಹಾಕುತ್ತಾರೆಯೇ?

ಬಕೆಟ್ಟಿನ ಮುಚ್ಚಳ ತೆಗೆದು ಕೆಳಗಿಟ್ಟೆ.

"ಲೈಟ್ ಆರಿಸ್ರಿ," ಅಂದೆ. "ಪರದೆ ಎಳೀರಿ. ಕತ್ತಲಾಗಬೇಕು."

"ಯಾಕಲೇ?" ವೀರೇಂದ್ರ ಅನುಮಾನದಿಂದ ಹತ್ತಿರ ಬಂದ.

"ಬೆಳಕಿನ್ಯಾಗ ಹೊಸಾವು ಬಿಟ್ರ ಕೊಂದು ಹಾಕ್ತೈತ್ರಿ. ಮೊದಲ ರಾಜಾನ್ನ ಬಕೆಟ್‌ನಾಗ ತಗೀತೇನಿ, ಆಮ್ಯಾಲ ಕಲ್ಲು ಸರಸ್ತೇನಿ."

"ಮಾಮಾ, ಇಂವ ಆಟ ಹೂಡ್ಯಾನ. ನನಗ ಸರಿ ಕಾಣವಲ್ದು."

"ಸುಮ್ಕಿರೋ!" ಸಾಹುಕಾರ ಸೋಫಾದಿಂದ ಎದ್ದ. "ರಾಜಾ ಮನಿಗೆ ಬಂದ ಮ್ಯಾಲ ನಾ ಮಾರ್ಕೆಟ್ಟಿನ್ಯಾಗ ತಲಿ ಎತ್ತಿ ನಿಂತೇನಿ. ಅಂವಗ ಏನರ ಆದ್ರ ನಾ ಮುಗದೆ."

ಪರದೆ ಎಳೆದರು. ಲೈಟು ಆರಿತು. ಮಟಮಟ ಮಧ್ಯಾಹ್ನದಲ್ಲಿ ಹಾಲ್ ಪೂರ್ತಿ ಕತ್ತಲಾಯಿತು. ನಾನು ಸ್ಟೂಲ್ ಹತ್ತಿ ಬಲೆ ಇಳಿಸಿದೆ. ರಾಜಾ ಬಲೆಯನ್ನೇ ಕಚ್ಚಿತು! ಹೇಗೋ ಎತ್ತಿ ಬಕೆಟ್ಟಿಗೆ ಹಾಕಿ ಮುಚ್ಚಳ ಇಟ್ಟೆ. ಒಳಗಿನಿಂದ ಧಡ್, ಧಡ್ ಅಂತ ಹೊಡೆದುಕೊಳ್ಳುತ್ತಿತ್ತು.

ಕಲ್ಲಿಗೆ ಕೈ ಹಾಕಬೇಕು, ಆಗ ಸಾಹುಕಾರ ಸಮಾಧಾನದಿಂದ ಅಂದ:

"ಬರೋಬ್ಬರಿ ಐತಿ ಬಿಡು. ನಿನ್ನೆ ಹನೀಫನೂ ಹಿಂಗ ಹೇಳಿದ್ದ."

ಕಲ್ಲಿಗೆ ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದೆ.

ನಿನ್ನೆ! ಎಂಟು ದಿನದಿಂದ ಕಾಣೆಯಾದವನು ನಿನ್ನೆ ಹೇಳಿದ್ದ!

ಬಾಯಿ ತಪ್ಪಿದ್ದು ಸಾಹುಕಾರನಿಗೆ ಗೊತ್ತಾಯಿತು. ನಾನು ಕೇಳಿಸಿಕೊಂಡದ್ದು ವೀರೇಂದ್ರನಿಗೆ ಗೊತ್ತಾಯಿತು. ಕತ್ತಲಲ್ಲಿ ಚಾಕು ಬಿಚ್ಚಿದ ಸದ್ದು ನನಗೆ ಕೇಳಿತು.

ನಾನು ಧೈರ್ಯ ಮಾಡಿದೆ ಅಂದುಕೊಳ್ಳಬೇಡಿ. ಹೆದರಿಕೆಯಲ್ಲಿ ಕೈಗೆ ಸಿಕ್ಕದ್ದನ್ನು ಎತ್ತಿಕೊಂಡೆ. ಸಿಕ್ಕದ್ದು ಬಕೆಟ್ಟು.

"ಒಂದ ಹೆಜ್ಜಿ ಮುಂದ ಬಂದ್ರ ಇದನ್ನ ನೆಲಕ್ಕ ಸುರುವಿ ತುಳೀತೇನಿ!"

"ತುಳಿ," ಅಂದ ವೀರೇಂದ್ರ. "ಮೀನ ತಾನ!"

"ವೀರ್‍ಯಾ!!" ಸಾಹುಕಾರ ಚೀರಿದ. "ನಿಂದರೋ! ನಿನ್ನ ಕಾಲ ಮುರೀತೇನಿ! ಅಪ್ಪಾ, ತಮ್ಮಾ... ಬಕೆಟ್ ಕೆಳಗಿಡು. ಏನ ಬೇಕು ನಿನಗ?"

"ಪಂಪಿನ ಕೋಣಿ ಕೀಲಿ."

"ಮಾಮಾ, ಅಂವ ಹೊರಗ ಹೋದ ಅಂದ್ರ ನನಗ ಗಲ್ಲು!"

"ರಾಜಾ ಸತ್ತ ಅಂದ್ರ ನನ್ನ ಮನೀನ ಹೋತಲ್ಲೋ!"

ಮಾವ ಅಳಿಯ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಬಕೆಟ್ಟನ್ನು ಓರೆ ಮಾಡಿದೆ. ಮುಚ್ಚಳದ ಸಂದಿಯಿಂದ ನೀರು ನೆಲಕ್ಕೆ ಬಿತ್ತು. ಸಾಹುಕಾರ ಓಡಿ ಹೋಗಿ ತಾನೇ ಬೀಗ ತೆಗೆದ!

ಹನೀಫ್ ಗೋಡೆ ಹಿಡಿದುಕೊಂಡು ಹೊರಬಂದ. ಕಾಲು ಬಾತಿದ್ದವು. ಗಡ್ಡ ಬೆಳೆದಿತ್ತು. ನನ್ನ ಮುಖ ಅವನಿಗೆ ಗೊತ್ತಿರಲಿಲ್ಲ, ಆದರೂ ಕಣ್ಣು ತುಂಬಿಕೊಂಡು ಕೇಳಿದ:

"ನಮ್ಮ ಅಬ್ಬಾ ಅದಾರೇನ್ರಿ?"

"ಅದಾರ. ನಡಿ!"

ಅಂಗಳಕ್ಕೆ ಬಂದೆವು. ಓಮ್ನಿ ಇಪ್ಪತ್ತು ಹೆಜ್ಜೆ ದೂರ. ಹಿಂದಿನಿಂದ ವೀರೇಂದ್ರ ಓಡಿಬಂದ. ಮಾವನ ಮಾತು ಕೇಳುವ ಸ್ಥಿತಿ ದಾಟಿದ್ದ. ಜಗುಲಿಯ ಮೇಲೆ ತಟ್ಟೆಯಲ್ಲಿ ಸ್ಯಾಂಪಲ್ಲಿಗೆ ಇಟ್ಟ ಖಾರದಪುಡಿ. ಒಂದು ಮುಷ್ಟಿ ಎತ್ತಿ ನೇರ ಅವನ ಮುಖಕ್ಕೆ ಎರಚಿದೆ!

ಅವನು ಎರಡು ಸಲ ಸೀನಿದ. ಮುಖ ಒರೆಸಿಕೊಂಡ. ಮತ್ತೆ ಬಂದ.

ಬ್ಯಾಡಗಿ ಮೆಣಸಿನಕಾಯಿ! ಬಣ್ಣ ಹೆಚ್ಚು, ಖಾರ ಕಮ್ಮಿ. ಜಿಲ್ಲೆಗೆಲ್ಲ ಗೊತ್ತಿರುವ ವಿಷಯ ನನಗೆ ಆ ಹೊತ್ತಿನಲ್ಲಿ ಮರೆತುಹೋಗಿತ್ತು. ಕೆಂಪು ಮುಖ ಹೊತ್ತು ಅವನು ಇನ್ನೂ ಭಯಂಕರವಾಗಿ ಕಾಣಿಸಿದ.

ಚಾಕು ಬೀಸಿದ. ನನ್ನ ಎಡಗೈ ಮೇಲೆ ಉರಿ ಹರಿಯಿತು. ಇಲ್ಲಿ ನೋಡಿ, ಗುರುತು ಇನ್ನೂ ಇದೆ. ಬಕೆಟ್ಟು ವಾಲಿತು. ಅಷ್ಟರಲ್ಲಿ ಹಿಂದಿನಿಂದ ಸಾಹುಕಾರ ಬಂದು ಅಳಿಯನನ್ನು ಎರಡೂ ಕೈಯಿಂದ ತಬ್ಬಿ ಹಿಡಿದ.

"ಬಕೆಟ್ ಬೀಳತೈತೋ ಹಲ್ಕಟ್!"

ನಾವು ಓಮ್ನಿ ಹತ್ತಿದೆವು.

ಮೋಟೆಬೆನ್ನೂರಿನ ತನಕ ಹಿಂದೆ ಯಾರೂ ಕಾಣಲಿಲ್ಲ. ಹೈವೇಗೆ ತಿರುಗಿದ್ದೇ ತಡ, ಕನ್ನಡಿಯಲ್ಲಿ ಕಪ್ಪು ಸುಮೋ! ಸ್ಟಿಯರಿಂಗಿನಲ್ಲಿ ವೀರೇಂದ್ರ. ಪಕ್ಕದಲ್ಲಿ ಸಾಹುಕಾರ.

"ಹನೀಫ್, ಏನ ನೋಡಿದಿ ನೀನು? ಯಾಕ ಹಿಡಿದಿಟ್ರು?"

ಅವನು ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಡ್ರೈವರ್ ದಾದಾಪೀರನ್ನ ಕೊಂದ್ರು ಅಣ್ಣಾ... ವೀರೇಂದ್ರ ರಾಡಿನಿಂದ ಹೊಡದ. ಆ ಹಾಲಿನ್ಯಾಗ. ನಾ ಹಿಂದ ಪಂಪಿನ ಕೋಣ್ಯಾಗಿದ್ದೆ. ನೀಲಿ ಕಾಗದ ಹಚ್ಚಾಕತ್ತಿದ್ದೆ. ನೀರಿನ್ಯಾಗಿಂದ ಎಲ್ಲಾ ಕಾಣಸ್ತು. ರಾಜಾ ಸುಮ್ಕ ಈಜಾಡಾಕತ್ತಿತ್ತು... ಆಕಡೆ ಅಂವ ಬಿದ್ದ."

ದಾದಾಪೀರ! ಪೇಪರಿನಲ್ಲಿ ಬಂದಿತ್ತು. ಸಾಹುಕಾರನ ಡ್ರೈವರ್. ಹೈವೇಯಲ್ಲಿ ಲಾರಿಗೆ ಸಿಕ್ಕಿ ಸತ್ತ ಅಂತ ಸುದ್ದಿ.

"ನನ್ನೂ ಅವತ್ತ ಮುಗಸ್ತಿದ್ರು. ನಾ ಹೇಳಿದೆ, ಸಾವ್ಕಾರ್ರ, ರಾಜಾಗ ರೋಗ ಹತ್ತೇತಿ, ನಾ ಇಲ್ಲಂದ್ರ ಉಳಿಯೂದಿಲ್ಲ ಅಂತ. ದಿನಾ ಊಟ ಕಮ್ಮಿ ಹಾಕಿದೆ. ಮಂಕಾಗಿ ಕಾಣಲಿ ಅಂತ. ಪಾಪ, ಏನೂ ರೋಗ ಇಲ್ಲ ಅದಕ್ಕ..."

ಎಂಟು ದಿನ! ಒಂದು ಮೀನನ್ನು ಸಾಯಲೂ ಬಿಡದೆ, ಪೂರ್ತಿ ಗೆಲುವಾಗಲೂ ಬಿಡದೆ, ಈ ಮನುಷ್ಯ ತನ್ನ ಜೀವ ಹಿಡಿದುಕೊಂಡಿದ್ದ.

ಸುಮೋ ಹತ್ತಿರ ಬಂತು. ಬಂಪರ್ ತಾಗುವಷ್ಟು ಹತ್ತಿರ. ಒಂದು ಗುದ್ದು ಕೊಟ್ಟರೆ ಓಮ್ನಿ ಹೊಲಕ್ಕೆ ಬೀಳುತ್ತಿತ್ತು. ನಾನು ದೇವರ ಹೆಸರೆಲ್ಲ ಹೇಳಿ ಮುಗಿಸಿದ್ದೆ. ಆದರೆ ಗುದ್ದು ಬೀಳಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಸಾಹುಕಾರ ಅಳಿಯನ ಸ್ಟಿಯರಿಂಗನ್ನೇ ಹಿಡಿದು ಜಗ್ಗುತ್ತಿದ್ದಾನೆ!

"ಬಕೆಟ್ ಎತ್ತಿ ತೋರಸು!" ಅಂದೆ.

ಹನೀಫ್ ಹಿಂದಿನ ಗಾಜಿಗೆ ಬಕೆಟ್ಟು ಹಿಡಿದ. ಸುಮೋ ಹಿಂದೆ ಸರಿಯಿತು.

ಆಗ ಹೈವೇಯಲ್ಲಿ ನಾಲ್ಕು ಲೇನಿನ ಕೆಲಸ ನಡೆದಿತ್ತಲ್ಲ, ಹೆಜ್ಜೆಹೆಜ್ಜೆಗೆ ಡೈವರ್ಷನ್. ಒಂದು ಮಣ್ಣಿನ ದಿಬ್ಬಕ್ಕೆ ಓಮ್ನಿ ಹಾರಿ ಬಿತ್ತು. ಬಕೆಟ್ಟು ಉರುಳಿತು. ನೀರೆಲ್ಲ ನೆಲಕ್ಕೆ! ರಾಜಾ ಸೀಟಿನ ಕೆಳಗೆ ಪಟಪಟ ಬಡಿದುಕೊಳ್ಳತೊಡಗಿತು.

"ಸಾಯಾಕತ್ತೇತಿ ಅಣ್ಣಾ!"

"ಅವರಿಗೆ ಕಾಣಬಾರದು! ಕಂಡ್ರ ಇಬ್ಬರೂ ಮುಗದ್ವಿ!"

ಹನೀಫ್ ಎರಡೂ ಕೈಯಲ್ಲಿ ಮೀನನ್ನು ಎತ್ತಿಕೊಂಡ. ಅದು ಅವನ ಹೆಬ್ಬೆರಳು ಕಚ್ಚಿತು. ರಕ್ತ ಬಂತು. ಬಿಡಲಿಲ್ಲ. ಅಂಗಡಿಯಿಂದ ಬರುವಾಗ ಇರಲಿ ಅಂತ ಯೂಸುಫಸಾಬ ಒಂದು ಕ್ಯಾನು ನೀರು ಹಿಂದಿನ ಸೀಟಿಗೆ ಇಟ್ಟಿದ್ದ. ದಿನವಿಡೀ ತೆರೆದಿಟ್ಟು ಕ್ಲೋರಿನ್ ಹೋಗಲಾಡಿಸಿದ ನೀರು. ಮಗ ಅದನ್ನು ನೋಡಿದ. ಕ್ಯಾನಿನ ಮೇಲೆ ಅಪ್ಪ ಬರೆದ ದಿನಾಂಕ ನೋಡಿ ಒಂದು ಗಳಿಗೆ ಅತ್ತ. ಬಕೆಟ್ಟಿಗೆ ಸುರಿದ. ಮೀನು ಒಂದು ಪಕ್ಕಕ್ಕೆ ವಾಲಿ ತೇಲಿತು... ಕಿವಿರು ಆಡಿತು... ಮತ್ತೆ ಧಡ್ ಅಂತ ಬಕೆಟ್ಟಿಗೆ ಹೊಡೆಯಿತು.

ಆ ಸದ್ದಿನಷ್ಟು ಇಂಪಾದ್ದನ್ನು ನಾನು ಜೀವನದಲ್ಲಿ ಕೇಳಿಲ್ಲ!

ಹಾವೇರಿ ಕೋರ್ಟಿನ ಆವರಣಕ್ಕೆ ನುಗ್ಗಿದೆ. ವಕೀಲರು, ಪೊಲೀಸರು, ಕಕ್ಷಿದಾರರು, ನೂರಾರು ಜನ. ಸುಮೋ ಗೇಟಿನ ಹೊರಗೆ ನಿಂತಿತು. ಹನೀಫ್ ಇಳಿದವನೇ ಅದರ ಕಡೆ ಕೈ ಮಾಡಿ ಪೊಲೀಸರಿಗೆ ಎಲ್ಲ ಹೇಳಿದ. ವೀರೇಂದ್ರ ಇಳಿದು ಓಡಿದ. ಎರಡು ದಿನದ ಮೇಲೆ ಸಿಕ್ಕ. ಸಾಹುಕಾರ ಓಡಲಿಲ್ಲ. ಸೀಟಿನಲ್ಲೇ ಕೂತು ಬಕೆಟ್ಟಿನ ಕಡೆ ನೋಡುತ್ತಿದ್ದ. ಪೊಲೀಸರು ತೋಳು ಹಿಡಿದಾಗ ಅವನು ಹೇಳಿದ್ದು ಇಷ್ಟೇ:

"ನೀರು ಬೆಚ್ಚಗ ಇರ್ಲಿ ತಮ್ಮಾ."

ಯೂಸುಫಸಾಬ ಅವತ್ತು ಸಂಜೆ ಮಗನ ಬಾತ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಈ ಮೀನನ್ನು ಆ ಅಪ್ಪ ಮಗ ತಮ್ಮ ಅಂಗಡಿಯಲ್ಲಿ ಇಟ್ಟುಕೊಳ್ಳಲಾರೆವು ಅಂದರು. ನೋಡಿದರೆ ಹೆದರಿಕೆಯಾಗುತ್ತದಂತೆ. ಅದಕ್ಕೇ ಇಲ್ಲಿದೆ. ಒಂದೇ ಇದೆ. ಜೊತೆಗೆ ಇನ್ನೊಂದನ್ನು ಬಿಡುವ ಗಟ್ಟಿ ಗುಂಡಿಗೆ ನನಗಿಲ್ಲ.

ಈಗ ನಿಮ್ಮ ವಿಷಯ.

ದಾವಣಗೆರೆಯಿಂದ ಬಂದೆ, ಮೀನು ಸಾಕುವ ಹುಚ್ಚು, ಹತ್ತು ವರ್ಷದಿಂದ ಸಿಕ್ಲಿಡ್ ಇಟ್ಟಿದ್ದೇನೆ ಅಂದಿರಿ. ಸಂತೋಷ. ಸೋಮವಾರ ಕೋರ್ಟಿನಲ್ಲಿ ಹನೀಫನ ಸಾಕ್ಷಿ ಇದೆ. ಮಾತಿನ ನಡುವೆ ಅವನು ಈಗ ಎಲ್ಲಿರುತ್ತಾನೆ ಅಂತ ಎರಡು ಸಲ ಕೇಳಿದಿರಿ. ಇರಲಿ, ಕುತೂಹಲ ಅಂದುಕೊಳ್ಳೋಣ.

ಆದರೆ ಒಳಗೆ ಬಂದವರೇ ಈ ತೊಟ್ಟಿ ನೋಡಿ ಮೊಟ್ಟಮೊದಲು ಏನು ಅಂದಿರಿ, ನೆನಪಿದೆಯೇ?

"ಒಂದ ಯಾಕ ಬಿಟ್ಟೀರಿ? ಜೋಡಿ ಎರಡು ಗೋಲ್ಡ್ ಫಿಶ್ ಬಿಡ್ರಿ, ಮನಿಗೆ ಚೊಲೋ ಆಗ್ತೈತಿ."

ಹತ್ತು ವರ್ಷ ಸಿಕ್ಲಿಡ್ ಸಾಕಿದವರ ಬಾಯಲ್ಲಿ ಆ ಮಾತು ಬರುವುದಿಲ್ಲ. ಆ ಮಾತು ಒಂದೇ ಮನೆಯಲ್ಲಿ ಹುಟ್ಟುತ್ತದೆ. ಸಾಹುಕಾರನಿಗೆ ಜಾಮೀನು ಸಿಕ್ಕಿ ಒಂದು ವಾರವಾಯಿತು ಅಂತ ನನಗೂ ಗೊತ್ತು.

ನಿಮ್ಮ ಕೈ ಜೇಬಿಗೆ ಹೋಗುವುದು ಬೇಡ. ನನಗೆ ಹೆದರಿಕೆಯಾಗುತ್ತದೆ. ಹೆದರಿದಾಗ ನಾನು ಕೈಗೆ ಸಿಕ್ಕದ್ದನ್ನು ಎತ್ತಿಕೊಳ್ಳುತ್ತೇನೆ, ಕತೆಯಲ್ಲಿ ಕೇಳಿದಿರಲ್ಲ!

ಮೆಟ್ಟಿಲ ಮೇಲೆ ಸದ್ದಾಗುತ್ತಿದೆ. ಚಹಾ ಬಂತು. ಎರಡು ಕಪ್ಪಿಗೆ ನಾಲ್ಕು ಜನ ಯಾಕೆ ಅನ್ನುತ್ತೀರಾ? ನಾನು ಫೋನ್ ಮಾಡಿದ ನಂಬರು ಹೋಟೆಲಿನದಲ್ಲ. ಠಾಣೆಯಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟುದ್ದದ ಕತೆ ಹೇಳಿದ್ದೇನೆ.

ಗಾಬರಿಯಾಗಬೇಡಿ, ಕರೆಂಟ್ ಹೋಗಿಲ್ಲ. ನಾನೇ ಆರಿಸಿದೆ. ಹೊಸಬರನ್ನು ಒಳಗೆ ಬಿಡುವಾಗ ಮೊದಲು ಲೈಟು ಆರಿಸಬೇಕು.